ಎಂಜಿಬಿ ಕಾರಿಗೆ ಮನೆಯ ಟರ್ಬೊ: ಒಂದು ವಿಮರ್ಶೆ

ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಮಕ್ಕಳಂತೆ ಸಾಕುವ ಹವ್ಯಾಸಿಗಳು ಬ್ರಿಟನ್ನಿನಲ್ಲಿ ಬಹಳ. ಅವರಲ್ಲಿ ಕೆಲವರಿಗೆ ಕಾರನ್ನು ಒರೆಸಿ ಹೊಳಪು ಕೊಟ್ಟಷ್ಟಕ್ಕೆ ತೃಪ್ತಿ ಇಲ್ಲ. ಗುಜರಿ ಸೇರಿದ ಬೇರೊಂದು ಕಾರಿನಿಂದ ಟರ್ಬೊಚಾರ್ಜರನ್ನು ಬಿಚ್ಚಿ ತರುತ್ತಾರೆ, ಬೇಕಾದ ಕೊಳವೆಗಳನ್ನು ತಾವೇ ಬೆಸುಗೆ ಹಾಕಿಕೊಳ್ಳುತ್ತಾರೆ, ಮನೆಯ ಪಕ್ಕದ ಷೆಡ್ಡಿನಲ್ಲೇ ಅದನ್ನು ಎಂಜಿನ್ನಿಗೆ ಕೂರಿಸುತ್ತಾರೆ. ಈ ಕೆಲಸಕ್ಕೆ ಕೊಡುವ ಸಮರ್ಥನೆ ಬಹುಮಟ್ಟಿಗೆ ಒಂದೇ ತೆರನಾದದ್ದು. ಸೈಲೆನ್ಸರಿನಿಂದ ಹೊರಹೋಗಿ ವ್ಯರ್ಥವಾಗುವ ಹೊಗೆಯಿಂದ ಪುಕ್ಕಟೆಯಾಗಿ ಶಕ್ತಿ ಸಿಗುತ್ತದೆ. ವಾಯುಮಂಡಲದ ಒತ್ತಡಕ್ಕೆ ಅದರ ಅರ್ಧದಷ್ಟು ಒತ್ತಡವನ್ನು ಸೇರಿಸಿದರೆ ಎಂಜಿನ್ನಿನ ಶಕ್ತಿಯೂ ಒಂದೂವರೆ ಪಟ್ಟಾಗುತ್ತದೆ. ಹಳೆಯ ಎಂಜಿನ್ ದಪ್ಪ ಎರಕದ್ದಾದ್ದರಿಂದ ಅದನ್ನೆಲ್ಲ ತಡೆದುಕೊಳ್ಳುತ್ತದೆ. ಕೇಳಲು ಸೊಗಸಾಗಿರುವ ಈ ಮಾತುಗಳು ಅನಿಲ ನಿಯಮಗಳ ಮುಂದೆ ಎಷ್ಟು ನಿಲ್ಲುತ್ತವೆ? ಎಂಜಿಬಿ ಎಂಬ ಒಂದೇ ಕಾರನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಕಾರು ಮತ್ತು ಅದರ ಎಂಜಿನ್

ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್‌ಡನ್ ಊರಿನ ಕಾರ್ಖಾನೆಯಲ್ಲಿ ತಯಾರಾದ ಎರಡು ಆಸನಗಳ ಕಾರು. 5 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದುವು. ನಾಲ್ಕು ಸಿಲಿಂಡರುಗಳ, 1798 ಘನ ಸೆಂಟಿಮೀಟರ್ ಗಾತ್ರದ ಎರಕದ ಕಬ್ಬಿಣದ ಎಂಜಿನ್. ಸಂಪೀಡನ ಅನುಪಾತ 8.8. ಗಾಳಿ ಮತ್ತು ಪೆಟ್ರೋಲನ್ನು ಬೆರೆಸಲು ಎರಡು ಎಸ್‌ಯು ಕಾರ್ಬ್ಯುರೇಟರುಗಳು. ನಿಮಿಷಕ್ಕೆ 5400 ಸುತ್ತಿನಲ್ಲಿ 95 ಅಶ್ವಶಕ್ತಿ ಎಂದು ತಯಾರಕರು ಹೇಳಿಕೊಂಡಿದ್ದರು.

ಈ ಎಂಜಿನ್ ನಮಗೆ ತೀರ ಅಪರಿಚಿತವೇನಲ್ಲ. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ದುಡಿದ ಅಂಬಾಸಿಡರ್ ಕಾರಿನ 1489 ಘನ ಸೆಂಟಿಮೀಟರ್ ಪೆಟ್ರೋಲ್ ಎಂಜಿನ್ ಇದರ ಅಣ್ಣ. ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ ಸರಣಿ'ಗೆ ಸೇರಿದವು. ಹಳೆಯ ಅಂಬಾಸಿಡರಿನ ಬಾನೆಟ್ ಎತ್ತಿ ನೋಡಿದವರಿಗೆ ಎಂಜಿಬಿಯ ಎಂಜಿನ್ ಗುರುತು ಹತ್ತುತ್ತದೆ.

ಬಲವಂತವಾಗಿ ಗಾಳಿ ತುಂಬುವುದೂ ಎಂಜಿ ಹೆಸರಿಗೆ ಹೊಸದಲ್ಲ. 1933ರ ಎಂಜಿ ಕೆ3 ಕಾರಿನಲ್ಲಿ ಎಂಜಿನ್ನಿನ ದಂಡದಿಂದಲೇ ತಿರುಗುವ ಸೂಪರ್‌ಚಾರ್ಜರ್ ಇತ್ತು. ಆ ವರ್ಷ ಅಲ್‌ಸ್ಟರಿನ ಟೂರಿಸ್ಟ್ ಟ್ರೋಫಿ ಪಂದ್ಯವನ್ನು ಟಾಟ್ಸಿಯೊ ನುವೊಲಾರಿ ಗೆದ್ದದ್ದು ಅದೇ ಕಾರಿನಲ್ಲಿ. ಟರ್ಬೊಚಾರ್ಜರ್ ಇದಕ್ಕಿಂತ ಭಿನ್ನ. ಸ್ವಿಟ್ಸರ್ಲೆಂಡಿನ ಆಲ್‌ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಕಲ್ಪನೆ ಇದರ ಮೂಲ. ಇಲ್ಲಿ ನಿಷ್ಕಾಸ ಅನಿಲ ಒಂದು ಟರ್ಬೈನನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಸಂಪೀಡಕ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಸಣ್ಣ ಕಾರುಗಳ ಟರ್ಬೊದಲ್ಲಿ ಈ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ದಾಟುತ್ತದೆ.

ಒತ್ತಡ ಒಂದೂವರೆ ಪಟ್ಟು, ಗಾಳಿ ಎಷ್ಟು?

ಎಂಜಿನ್ನಿಗೆ ಬೇಕಾದದ್ದು ಆಮ್ಲಜನಕದ ಅಣುಗಳು. ಹೆಚ್ಚು ಅಣುಗಳು ಒಳಹೊಕ್ಕರೆ ಹೆಚ್ಚು ಪೆಟ್ರೋಲನ್ನು ಉರಿಸಬಹುದು. ಆದ್ದರಿಂದ ಇಲ್ಲಿ ಲೆಕ್ಕಕ್ಕೆ ಬರುವ ರಾಶಿ ಗಾಳಿಯ ಸಾಂದ್ರತೆ. ಅದು ಒತ್ತಡಕ್ಕೆ ನೇರ ಅನುಪಾತದಲ್ಲೂ ನಿರಪೇಕ್ಷ ತಾಪಕ್ಕೆ ವಿಲೋಮ ಅನುಪಾತದಲ್ಲೂ ಇರುತ್ತದೆ. ಹವ್ಯಾಸಿಗಳ ಸಮರ್ಥನೆಯಲ್ಲಿ ಮೊದಲ ಅರ್ಧ ಇದೆ, ಎರಡನೆಯ ಅರ್ಧ ಬಿಟ್ಟುಹೋಗಿದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡದ ವಿದ್ಯಾರ್ಥಿ ಇರಲಾರ.

ಎಷ್ಟು ಬಿಸಿ? ಹೊರಗಿನ ಗಾಳಿ 20 ಡಿಗ್ರಿ ಸೆಲ್ಸಿಯಸ್, ಅಂದರೆ 293 ಕೆಲ್ವಿನ್ ಎನ್ನೋಣ. ವಾಯುಮಂಡಲದ ಒತ್ತಡ 1 ಬಾರ್. ಟರ್ಬೊ ಅದಕ್ಕೆ 0.5 ಬಾರ್ ಸೇರಿಸುತ್ತದೆ. ಹೊರಗಿನಿಂದ ಉಷ್ಣ ಬರದೆ, ಒಳಗಿನಿಂದ ಹೋಗದೆ ನಡೆಯುವ ಆದರ್ಶ ಸಂಪೀಡನದಲ್ಲಿ ತಾಪದ ಅನುಪಾತವೆಂದರೆ ಒತ್ತಡದ ಅನುಪಾತಕ್ಕೆ 0.286 ಘಾತ. 1.5ಕ್ಕೆ ಆ ಘಾತ ಹಾಕಿದರೆ 1.123 ಬರುತ್ತದೆ. ಅಂದರೆ ತಾಪ 36 ಡಿಗ್ರಿ ಏರಬೇಕು. ಆದರೆ ಯಾವ ಸಂಪೀಡಕವೂ ಆದರ್ಶವಲ್ಲ. ಗುಜರಿಯಿಂದ ತಂದು, ತನಗೆ ಹೊಂದದ ಎಂಜಿನ್ನಿಗೆ ಜೋಡಿಸಿದ ಟರ್ಬೊದ ದಕ್ಷತೆ ಶೇ. 65 ಇದ್ದರೆ ಅದೇ ಪುಣ್ಯ. ಆಗ ನಿಜವಾದ ಏರಿಕೆ 36 ಭಾಗಿಸು 0.65, ಅಂದರೆ ಸುಮಾರು 55 ಡಿಗ್ರಿ. ಸಂಪೀಡಕದಿಂದ ಹೊರಬರುವ ಗಾಳಿ 75 ಡಿಗ್ರಿ ಸೆಲ್ಸಿಯಸ್, 348 ಕೆಲ್ವಿನ್.

ಈಗ ಸಾಂದ್ರತೆಯ ಲೆಕ್ಕ: 1.5 ಗುಣಿಸು 293 ಭಾಗಿಸು 348. ಉತ್ತರ 1.26. ಒತ್ತಡ ಶೇ. 50ರಷ್ಟು ಏರಿದರೂ ಗಾಳಿ ಏರಿದ್ದು ಶೇ. 26 ಮಾತ್ರ. ಮಾತಿಗೂ ಲೆಕ್ಕಕ್ಕೂ ನಡುವೆ ಅರ್ಧದಷ್ಟು ಸೋರಿಹೋಯಿತು. ಇತರ ಎಲ್ಲವೂ ಸರಿಯಾಗಿದ್ದರೆ 95 ಅಶ್ವಶಕ್ತಿ 120ರ ಹತ್ತಿರ ಬಂದೀತು; 140 ದಾಟುವ ಮಾತು ಇಲ್ಲ.

ಸಂಪೀಡಕಕ್ಕೂ ಎಂಜಿನ್ನಿಗೂ ನಡುವೆ ಇಂಟರ್‌ಕೂಲರ್ ಇಟ್ಟರೆ ಚಿತ್ರ ಬದಲಾಗುತ್ತದೆ. ಇದು ರೇಡಿಯೇಟರಿನಂಥದೇ ಸಾಧನ; ಒಳಗೆ ಒತ್ತಿದ ಗಾಳಿ, ಹೊರಗೆ ತಣ್ಣನೆಯ ಗಾಳಿ. ಸೇರಿಕೊಂಡ 55 ಡಿಗ್ರಿಯಲ್ಲಿ ಶೇ. 60ರಷ್ಟನ್ನು ಅದು ತೆಗೆದುಹಾಕಿದರೆ ಗಾಳಿ 42 ಡಿಗ್ರಿಗೆ ಇಳಿಯುತ್ತದೆ. ಅದರ ಸಂದುಗಳಲ್ಲಿ ನುಸುಳುವಾಗ 0.05 ಬಾರ್ ಒತ್ತಡ ನಷ್ಟವಾಗುತ್ತದೆ ಎಂದು ಇಟ್ಟುಕೊಂಡರೂ ಸಾಂದ್ರತೆ 1.35 ಪಟ್ಟು. ಒತ್ತಡ ಇಳಿದಿದೆ, ಗಾಳಿ ಹೆಚ್ಚಾಗಿದೆ! ಅನಿಲ ಸಮೀಕರಣವನ್ನು ಕಲಿಸುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆದರೂ ಮನೆಯ ಟರ್ಬೊಗಳಲ್ಲಿ ಮೊದಲು ಕೈಬಿಡುವ ವಸ್ತು ಇದೇ. ಎಂಜಿಬಿಯ ಮುಂಭಾಗದಲ್ಲಿ ಜಾಗ ಕಡಿಮೆ ಎಂಬ ಕಾರಣ ಕೊಡುತ್ತಾರೆ. ಡ್ಯಾಷ್‌ಬೋರ್ಡಿನ ಮೇಲೆ ಒತ್ತಡದ ಮಾಪಕ ಇಡಲು ಮಾತ್ರ ಎಲ್ಲರಿಗೂ ಜಾಗ ಸಿಗುತ್ತದೆ. ಒಳಹೋಗುವ ಗಾಳಿಯ ತಾಪಮಾಪಕ ಇಟ್ಟವರು ವಿರಳ.

ಬಿಸಿಯ ಮುಂದಿನ ಪಯಣ

ಶಕ್ತಿ ಸ್ವಲ್ಪ ಕಡಿಮೆ ಸಿಕ್ಕಿತು ಎಂಬುದಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಆ 55 ಡಿಗ್ರಿ ಅಲ್ಲಿಗೆ ನಿಲ್ಲುವುದಿಲ್ಲ. ಸಿಲಿಂಡರಿನ ಒಳಗೆ ಪಿಸ್ಟನ್ ಅದೇ ಗಾಳಿಯನ್ನು ಇನ್ನೊಮ್ಮೆ, 8.8ರಲ್ಲಿ ಒಂದು ಭಾಗಕ್ಕೆ, ಒತ್ತುತ್ತದೆ. ಗೋಡೆಗೆ ಹೋಗುವ ಉಷ್ಣವನ್ನು ಸ್ಥೂಲವಾಗಿ ಸೇರಿಸಿಕೊಂಡು 8.8ಕ್ಕೆ 0.3 ಘಾತ ಹಾಕಿದರೆ 1.92. ಆರಂಭದ ನಿರಪೇಕ್ಷ ತಾಪ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂದರ್ಥ. ಟರ್ಬೊ ಇಲ್ಲದಾಗ 293 ಕೆಲ್ವಿನ್ನಿನಲ್ಲಿ ಹೊರಟ ಗಾಳಿ 563ಕ್ಕೆ ಮುಟ್ಟುತ್ತದೆ. ಟರ್ಬೊದಿಂದ 348ರಲ್ಲಿ ಬಂದದ್ದು 668ಕ್ಕೆ. ಒಳಬರುವಾಗ ಇದ್ದ 55 ಡಿಗ್ರಿ ವ್ಯತ್ಯಾಸ ಕಿಡಿ ಹಾರುವ ಹೊತ್ತಿಗೆ 105 ಡಿಗ್ರಿ ಆಗಿರುತ್ತದೆ. ಸಿಲಿಂಡರಿನಲ್ಲಿ ಉಳಿದ ಹಳೆಯ ಅನಿಲ, ಪೆಟ್ರೋಲಿನ ಆವಿಯಾಗುವಿಕೆ ಇವುಗಳನ್ನು ಇಲ್ಲಿ ಬಿಟ್ಟಿದ್ದೇವೆ. ಹೋಲಿಕೆಗೆ ಇಷ್ಟು ಸಾಕು.

ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಜ್ವಾಲೆ ಸಿಲಿಂಡರಿನ ಮೂಲೆಗೆ ತಲುಪಲು ಸಮಯ ಬೇಕು. ಅಷ್ಟರೊಳಗೆ ಮೂಲೆಯಲ್ಲಿ ಉಳಿದ ಮಿಶ್ರಣ ತಾನೇ ಹೊತ್ತಿಕೊಳ್ಳುವಷ್ಟು ಬಿಸಿಯಾದರೆ ಅದು ಒಮ್ಮೆಗೇ ಸಿಡಿಯುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ಸಾಧಾರಣ ಎಂಜಿನ್ನಿನಲ್ಲಿ ಏರು ಹತ್ತುವಾಗ ಕೇಳಿಬರುವ ಟಕಟಕ ಸದ್ದಿಗೆ ಯಾರೂ ಹೆದರಬೇಕಿಲ್ಲ. ಟರ್ಬೊ ಒತ್ತಡದ ಕೆಳಗೆ ಅದೇ ಸದ್ದು ಕೆಲವೇ ಸೆಕೆಂಡುಗಳಲ್ಲಿ ಹೆಡ್ ಗ್ಯಾಸ್ಕೆಟನ್ನು ಹಾರಿಸಬಲ್ಲದು, ಪಿಸ್ಟನ್ನಿನ ಉಂಗುರಗಳ ನಡುವಿನ ದಂಡೆಯನ್ನು ಮುರಿಯಬಲ್ಲದು. ಮೇಲು ಹೊದಿಕೆ ತೆಗೆದ ಕಾರಿನಲ್ಲಿ, ಗಾಳಿಯ ಭೋರ್ಗರೆತದ ನಡುವೆ, 5000 ಸುತ್ತಿನಲ್ಲಿ ಆ ಸದ್ದು ಚಾಲಕನಿಗೆ ಕೇಳಿಸುವುದೂ ಇಲ್ಲ.

ಕಾರ್ಖಾನೆಗಳು ಟರ್ಬೊ ಅಳವಡಿಸಿದಾಗ ಏನು ಮಾಡಿದುವು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1973ರ ಬಿಎಂಡಬ್ಲ್ಯು 2002 ಟರ್ಬೊದಲ್ಲಿ ಸಂಪೀಡನ ಅನುಪಾತವನ್ನು 6.9ಕ್ಕೆ ಇಳಿಸಲಾಗಿತ್ತು. 1975ರ ಪೋರ್ಷೆ 911 ಟರ್ಬೊದಲ್ಲಿ ಅದು 6.5. ಸಾಬ್ 99 ಟರ್ಬೊದಲ್ಲಿ 7.2. ಇದಕ್ಕೆಲ್ಲ ಮೊದಲೇ, 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಕಾರು 10.25ರ ಎತ್ತರದ ಅನುಪಾತವನ್ನೇ ಇಟ್ಟುಕೊಂಡು ಟರ್ಬೊ ಹಾಕುವ ಸಾಹಸ ಮಾಡಿತ್ತು. ಅದಕ್ಕಾಗಿ ಅದು ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ಒಳಬರುವ ಗಾಳಿಗೆ ಚಿಮುಕಿಸಿ ತಂಪು ಮಾಡಬೇಕಾಯಿತು. ಆ ದ್ರವದ ತೊಟ್ಟಿಯನ್ನು ಆಗಾಗ ತುಂಬುವುದು ಮಾಲೀಕರಿಗೆ ರೇಜಿಗೆಯಾಯಿತು. ಎರಡೇ ವರ್ಷದಲ್ಲಿ ಮಾದರಿ ನಿಂತಿತು. ಎಂಜಿಬಿಯ 8.8 ಅನ್ನು ಮುಟ್ಟದೆ 0.5 ಬಾರ್ ಒತ್ತಡ ಕೊಡುವ ಹವ್ಯಾಸಿಗೆ ಈ ಸಾಲಿನಲ್ಲಿ ಜೊತೆಗಾರರಿಲ್ಲ.

ಕಿಡಿಯ ಸಮಯವೂ ಇಲ್ಲಿ ಸೇರಿಕೊಳ್ಳುತ್ತದೆ. ಎಂಜಿಬಿಯ ಡಿಸ್ಟ್ರಿಬ್ಯೂಟರಿನಲ್ಲಿ ವೇಗಕ್ಕೆ ತಕ್ಕಂತೆ ಕಿಡಿಯನ್ನು ಬೇಗ ಹಾರಿಸಲು ತಿರುಗುವ ತೂಕಗಳಿವೆ, ಮ್ಯಾನಿಫೋಲ್ಡಿನ ನಿರ್ವಾತಕ್ಕೆ ಸ್ಪಂದಿಸುವ ಒಂದು ಡಬ್ಬಿ ಇದೆ. ವಾಯುಮಂಡಲಕ್ಕಿಂತ ಹೆಚ್ಚಿನ ಒತ್ತಡ ಎಂಬುದು ಅದರ ಲೋಕದಲ್ಲೇ ಇಲ್ಲ. ಪ್ರತಿ 0.07 ಬಾರ್ ಒತ್ತಡಕ್ಕೆ ಕಿಡಿಯನ್ನು ಸುಮಾರು 1 ಡಿಗ್ರಿ ತಡಮಾಡಬೇಕೆಂಬುದು ರೂಢಿಯ ಲೆಕ್ಕ. 0.5 ಬಾರಿಗೆ 7 ಡಿಗ್ರಿ. ಇದನ್ನು ಯಾರು ಮಾಡುತ್ತಾರೆ? ಸಾಬ್ ಕಂಪನಿ 1982ರ ಮಾದರಿಗಳಲ್ಲಿ ಎಂಜಿನ್ನಿನ ಮೈಗೆ ಒಂದು ಸಂವೇದಕ ಅಂಟಿಸಿ, ನಾಕಿಂಗ್ ಕೇಳಿಸಿದೊಡನೆ ಟರ್ಬೊ ಒತ್ತಡವನ್ನೇ ತಗ್ಗಿಸುವ ಏರ್ಪಾಡು ತಂದಿತು. ಮನೆಯ ಟರ್ಬೊದಲ್ಲಿ ಆ ಕಿವಿ ಇರುವುದಿಲ್ಲ. ಪೆಟ್ರೋಲ್ ಕೂಡ ಬದಲಾಗಿದೆ. ಬ್ರಿಟನ್ನಿನಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಸಾಮಾನ್ಯ ಮಾರಾಟ 1999ರ ಕೊನೆಗೆ ನಿಂತಿತು. 2021ರಿಂದ ಅಲ್ಲಿನ ಸಾಧಾರಣ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುತ್ತದೆ. ಸೀಸ ಇಲ್ಲದ ಪೆಟ್ರೋಲಿನಲ್ಲಿ ಎರಕದ ಹೆಡ್ಡಿನ ನಿಷ್ಕಾಸ ವಾಲ್ವಿನ ಆಸನ ಸವೆಯುತ್ತದೆ. ಅದರ ಮೇಲೆ ಟರ್ಬೊದ ಬಿಸಿ ಸೇರಿದರೆ ಸವೆತ ಇನ್ನೂ ಬೇಗ.

ಪುಕ್ಕಟೆ ಎಂಬ ಮಾತು

ನಿಷ್ಕಾಸ ಅನಿಲದಲ್ಲಿ ಬಹಳಷ್ಟು ಶಕ್ತಿ ವ್ಯರ್ಥವಾಗುತ್ತದೆ ಎಂಬುದು ನಿಜ. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದಕ್ಕಿಂತ ಹೆಚ್ಚಿನ ಪಾಲು ಹೊಗೆಯ ಮೂಲಕ ಮತ್ತು ರೇಡಿಯೇಟರಿನ ಮೂಲಕ ಹೋಗುತ್ತದೆ. ಆದರೆ ಅದರಿಂದ ಕೆಲಸ ತೆಗೆಯಲು ದಾರಿಯಲ್ಲಿ ಟರ್ಬೈನನ್ನು ಅಡ್ಡ ಇಡಬೇಕು. ಅಡ್ಡ ಇಟ್ಟ ಕೂಡಲೇ ಅದರ ಹಿಂದೆ ಒತ್ತಡ ಕಟ್ಟಿಕೊಳ್ಳುತ್ತದೆ. ಹೊಗೆಯನ್ನು ಹೊರದೂಡುವ ಪಿಸ್ಟನ್ ಅದರ ವಿರುದ್ಧ ಹೆಣಗಬೇಕು.

ಸಂಪೀಡಕಕ್ಕೆ ಬೇಕಾದ ಶಕ್ತಿಯನ್ನು ಲೆಕ್ಕ ಹಾಕಬಹುದು. 5400 ಸುತ್ತಿನಲ್ಲಿ ಎಂಜಿಬಿ ಎಂಜಿನ್ ಸೆಕೆಂಡಿಗೆ ಸುಮಾರು 0.078 ಕಿಲೋಗ್ರಾಂ ಗಾಳಿ ಎಳೆಯುತ್ತದೆ. ಟರ್ಬೊ ಇದ್ದಾಗ ಅದು 1.26 ಪಟ್ಟು, 0.098 ಕಿಲೋಗ್ರಾಂ. ಪ್ರತಿ ಕಿಲೋಗ್ರಾಂ ಗಾಳಿಯನ್ನು 1 ಡಿಗ್ರಿ ಬಿಸಿಮಾಡಲು 1 ಕಿಲೋಜೂಲಿನಷ್ಟು ಬೇಕು. 55 ಡಿಗ್ರಿಗೆ 5.4 ಕಿಲೋವ್ಯಾಟ್, ಅಂದರೆ 7 ಅಶ್ವಶಕ್ತಿಗೂ ಮೇಲು. ಇದರಲ್ಲಿ ಒಂದು ಭಾಗ, ವಾಲ್ವ್ ತೆರೆದ ಕ್ಷಣದಲ್ಲಿ ನುಗ್ಗುವ ಅನಿಲದಿಂದ ನಿಜವಾಗಿಯೂ ಉಚಿತವಾಗಿ ಬರುತ್ತದೆ. ಉಳಿದದ್ದನ್ನು ಪಿಸ್ಟನ್ನೇ ತೆರಬೇಕು. ಎಂಜಿನ್ನಿಗೆ ಸರಿಹೊಂದುವ ಟರ್ಬೈನ್ ಆರಿಸಿದರೆ ಈ ತೆರಿಗೆ ಕಡಿಮೆ. ಗುಜರಿಯಲ್ಲಿ ಸಿಕ್ಕಿದ್ದನ್ನು ಹಾಕಿದರೆ ಹೆಚ್ಚು. ಟರ್ಬೈನಿನ ಗೂಡು ಚಿಕ್ಕದಾದಷ್ಟೂ ಕಡಿಮೆ ವೇಗದಲ್ಲಿ ಬೇಗ ಒತ್ತಡ ಸಿಗುತ್ತದೆ, ಹೆಚ್ಚಿನ ವೇಗದಲ್ಲಿ ಎಂಜಿನ್ನಿನ ಗಂಟಲು ಕಟ್ಟುತ್ತದೆ.

ಎಸ್‌ಯು ಕಾರ್ಬ್ಯುರೇಟರ್ ಎದುರಿಸುವ ಕಷ್ಟ

ಎಂಜಿಬಿಯ ವಿದ್ಯುತ್ ಪಂಪು ಪೆಟ್ರೋಲನ್ನು ಸುಮಾರು 0.2 ಬಾರ್ ಒತ್ತಡದಲ್ಲಿ ಕಳುಹಿಸುತ್ತದೆ. ಟರ್ಬೊ 0.5 ಬಾರ್ ಒತ್ತಡದ ಗಾಳಿಯನ್ನು ಕಾರ್ಬ್ಯುರೇಟರಿನ ಮೂಲಕ ತಳ್ಳಿದರೆ ಪೆಟ್ರೋಲ್ ಯಾವ ಕಡೆ ಹರಿಯಬೇಕು? ಎಂಟನೆಯ ತರಗತಿಯ ಪ್ರಶ್ನೆ ಇದು. ಒತ್ತಡ ಏರಿದಂತೆಲ್ಲ ಪೆಟ್ರೋಲ್ ಕಡಿಮೆಯಾಗಿ, ಅತ್ಯಂತ ಹೆಚ್ಚು ಬೇಕಾದ ಹೊತ್ತಿನಲ್ಲೇ ಪೂರ್ತಿ ನಿಲ್ಲುತ್ತದೆ. ಪೆಟ್ರೋಲ್ ಕಡಿಮೆಯಾದ ಮಿಶ್ರಣ ನಾಕಿಂಗ್ ತರುವುದರಲ್ಲಿ ಮುಂದು. ಆದ್ದರಿಂದ ಬಲವಾದ ಪಂಪು, ಟರ್ಬೊ ಒತ್ತಡದ ಜೊತೆ ಏರಿಳಿಯುವ ನಿಯಂತ್ರಕ, ಪ್ಲೋಟ್ ಚೇಂಬರಿಗೆ ಟರ್ಬೊ ಕಡೆಯಿಂದ ಒಂದು ಸಮತೋಲದ ಕೊಳವೆ, ಮಿಶ್ರಣ ಹೊರಕ್ಕೆ ಒಸರದಂತೆ ಥ್ರಾಟಲ್ ದಂಡಕ್ಕೆ ಸೀಲು, ಇಷ್ಟೂ ಬೇಕು. ಇದು ಆಗದ ಕೆಲಸವೇನಲ್ಲ. 1982ರ ಎಂಜಿ ಮೆಟ್ರೊ ಟರ್ಬೊ ಕಾರಿನಲ್ಲಿ ತಯಾರಕರು ಇದನ್ನೇ ಮಾಡಿದರು. 1275 ಘನ ಸೆಂಟಿಮೀಟರಿನ ಹಳೆಯ ಎ ಸರಣಿ ಎಂಜಿನ್, ಒಂದೇ ಎಸ್‌ಯು ಕಾರ್ಬ್ಯುರೇಟರ್. ಆದರೆ ಅದಕ್ಕೆ ಲೋಟಸ್ ಕಂಪನಿಯ ಎಂಜಿನಿಯರುಗಳ ನೆರವು ಬೇಕಾಯಿತು, ಒತ್ತಡವನ್ನೂ ಹದವಾಗಿಯೇ ಇಟ್ಟಿದ್ದರು.

ಇನ್ನೊಂದು ದಾರಿ, ಕಾರ್ಬ್ಯುರೇಟರನ್ನು ಟರ್ಬೊದ ಹಿಂದಕ್ಕೆ ಸರಿಸಿ ಮಿಶ್ರಣವನ್ನೇ ಸಂಪೀಡಕದ ಮೂಲಕ ಎಳೆಯುವುದು. ಪಂಪಿನ ತೊಡಕು ಇಲ್ಲ, ಕೆಲಸ ಸುಲಭ. ಆದರೆ ಪೆಟ್ರೋಲ್ ಬೆರೆತ ಗಾಳಿಯನ್ನು ಇಂಟರ್‌ಕೂಲರಿನಲ್ಲಿ ಹಾಯಿಸುವುದು ಜಾಣತನವಲ್ಲ. ಅಲ್ಲಿ ಪೆಟ್ರೋಲ್ ಮತ್ತೆ ಹನಿಗಟ್ಟುತ್ತದೆ, ಹಿಮ್ಮುಖ ಬೆಂಕಿ ಬಂದರೆ ಇಡೀ ಪೆಟ್ಟಿಗೆಯೇ ಸಿಡಿಮದ್ದು. ಸುಲಭದ ದಾರಿ ಹಿಡಿದವರು ತಂಪು ಮಾಡುವ ಅವಕಾಶವನ್ನು ಅಲ್ಲೇ ಕಳೆದುಕೊಳ್ಳುತ್ತಾರೆ.

ಬಿ ಸರಣಿಯ ಹೆಡ್ಡಿನಲ್ಲೂ ಒಂದು ತೊಂದರೆ ಇದೆ. ಅಷ್ಟಾಗಿ ಯಾರೂ ಪ್ರಸ್ತಾಪಿಸದ್ದು. ನಾಲ್ಕು ಸಿಲಿಂಡರುಗಳಿಗೆ ಗಾಳಿಯ ಬಾಗಿಲು ಎರಡೇ: 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಇನ್ನೊಂದು. ಹೊಗೆಗೆ ಮೂರು; ನಡುವಿನದು 2 ಮತ್ತು 3ಕ್ಕೆ ಸಾಮಾನ್ಯ. ದಹನದ ಸರದಿ 1, 3, 4, 2. ಸರದಿಯನ್ನು ಬರೆದು ನೋಡಿದರೆ ಒಂದೇ ಬಾಗಿಲಿನ ಎರಡು ಸಿಲಿಂಡರುಗಳು ಒಂದರ ಹಿಂದೊಂದು ಉಸಿರೆಳೆಯುತ್ತವೆ, ಆಮೇಲೆ ಆ ಬಾಗಿಲು ಬಹಳ ಹೊತ್ತು ಸುಮ್ಮನಿರುತ್ತದೆ ಎಂಬುದು ಕಾಣುತ್ತದೆ. ಜೋಡಿಯಲ್ಲಿ ಇಬ್ಬರಿಗೂ ಒಂದೇ ಹದದ ಮಿಶ್ರಣ ಸಿಗುವುದಿಲ್ಲ. ನಿಷ್ಕಾಸದ ಕೊಳವೆಯಲ್ಲಿ ಒಂದು ಆಮ್ಲಜನಕ ಸಂವೇದಕ ಇಟ್ಟು, ಮಿಶ್ರಣ ಸರಿಯಾಗಿದೆ ಎಂದು ನೆಮ್ಮದಿಯಿಂದಿರುವವರು ನೋಡುತ್ತಿರುವುದು ನಾಲ್ಕರ ಸರಾಸರಿಯನ್ನು. ಪಿಸ್ಟನ್ ಕರಗುವುದು ಸರಾಸರಿಯ ಲೆಕ್ಕದಲ್ಲಿ ಅಲ್ಲ, ಅತಿ ಕಡಿಮೆ ಪೆಟ್ರೋಲ್ ಸಿಕ್ಕ ಸಿಲಿಂಡರಿನಲ್ಲಿ. ಎರಡು ಸಿಲಿಂಡರುಗಳ ಬೆಂಕಿಯನ್ನು ಹೊರುವ ನಡುವಿನ ಬಾಗಿಲ ಸುತ್ತ ಹೆಡ್ಡು ಮೊದಲೇ ಹೆಚ್ಚು ಬಿಸಿ.

ಎರಡು ಪುಸ್ತಕಗಳು

ಈ ಹವ್ಯಾಸಕ್ಕೆ ಕೈಪಿಡಿಗಳಾಗಿರುವ ಎರಡು ಅಮೆರಿಕನ್ ಪುಸ್ತಕಗಳ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಹ್ಯೂ ಮ್ಯಾಕಿನ್ಸ್ 1976ರಲ್ಲಿ ಪ್ರಕಟಿಸಿದ 'ಟರ್ಬೊಚಾರ್ಜರ್ಸ್' ಕಾರ್ಬ್ಯುರೇಟರ್ ಕಾಲದ್ದು. ಎಂಜಿಬಿಯಂಥ ಕಾರಿಗೆ ಮನೋಭಾವದಲ್ಲಿ ಹತ್ತಿರ. ಕಾರ್ಕಿ ಬೆಲ್ 1997ರಲ್ಲಿ ಬರೆದ 'ಮ್ಯಾಕ್ಸಿಮಮ್ ಬೂಸ್ಟ್' ಹೆಚ್ಚು ಕ್ರಮಬದ್ಧ. ಸಂಪೀಡಕದ ನಕ್ಷೆಯನ್ನು ಓದಿ ಟರ್ಬೊ ಆರಿಸುವುದು ಹೇಗೆಂದು ಎರಡೂ ಕಲಿಸುತ್ತವೆ. ಬೆಲ್ ಅವರ ಪುಸ್ತಕದ ಹೆಸರು ಗರಿಷ್ಠ ಒತ್ತಡ. ಒಳಗಿನ ಒಳ್ಳೆಯ ಅಧ್ಯಾಯಗಳು ಮಾತ್ರ ಗಾಳಿಯನ್ನು ತಂಪು ಮಾಡುವ ಮತ್ತು ನಾಕಿಂಗನ್ನು ಹತೋಟಿಯಲ್ಲಿಡುವ ಬಗ್ಗೆ. ಹೆಸರನ್ನಷ್ಟೇ ಓದಿದವರು ಬಹಳ ಮಂದಿ ಎಂದು ಅನುಮಾನ.

ನನ್ನ ಆಕ್ಷೇಪಣೆ ಎರಡು. ಬೆಲ್ ಅವರ ಗಮನ ಹೆಚ್ಚಾಗಿ ಇಂಧನ ಇಂಜೆಕ್ಷನ್ ಇರುವ, ಸಿಲಿಂಡರಿಗೊಂದು ಬಾಗಿಲಿರುವ ಎಂಜಿನ್ನುಗಳ ಮೇಲಿದೆ. ಅದರ ಆತ್ಮವಿಶ್ವಾಸವನ್ನು ಬಿ ಸರಣಿಯ ಹೆಡ್ಡಿಗೆ ಹಾಗೆಯೇ ಸಾಗಿಸಲು ಬರುವುದಿಲ್ಲ. ಇನ್ನೊಂದು ಮಾನಗಳ ವಿಚಾರ. ಪೌಂಡು, ಇಂಚು, ಫ್ಯಾರನ್‌ಹೀಟ್‌ಗಳಲ್ಲಿ ಸಾಗುವ ಲೆಕ್ಕದಲ್ಲಿ ನಿರಪೇಕ್ಷ ತಾಪಕ್ಕೆ ಬದಲಾಯಿಸಲು 460 ಕೂಡಿಸಬೇಕು. ಅದನ್ನು ಮರೆತವನಿಗೆ ಬರುವ ಸಾಂದ್ರತೆ ಅಸಂಬದ್ಧ. 75 ಡಿಗ್ರಿಯನ್ನು 20 ಡಿಗ್ರಿಯಿಂದ ನೇರವಾಗಿ ಭಾಗಿಸಿದ ಉತ್ತರಪತ್ರಿಕೆಗಳನ್ನು ನಮ್ಮ ಅಧ್ಯಾಪಕರೂ ಸಾಕಷ್ಟು ನೋಡಿದ್ದಾರೆ.

ಕೊಳವೆ, ಎಣ್ಣೆ, ಬ್ರೇಕು

ಮನೆಯಲ್ಲಿ ಬೆಸುಗೆ ಹಾಕಿದ ಮ್ಯಾನಿಫೋಲ್ಡ್ ಬಿರುಕು ಬಿಡುವುದು ಸಾಮಾನ್ಯ ದೂರು. 40 ಸೆಂಟಿಮೀಟರ್ ಉದ್ದದ ಉಕ್ಕಿನ ಕೊಳವೆ 700 ಡಿಗ್ರಿ ಬಿಸಿಯೇರಿದರೆ 3 ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ತಲೆಯ ಕಡೆ ಬೋಲ್ಟುಗಳು ಬಿಗಿದಿವೆ, ಇನ್ನೊಂದು ತುದಿಯಲ್ಲಿ ಟರ್ಬೊದ ತೂಕ ನೇತಾಡುತ್ತಿದೆ. ಬೆಸುಗೆ ಎಲ್ಲಿ ದುರ್ಬಲವೋ ಅಲ್ಲಿ ಬಿಡುತ್ತದೆ. ಟರ್ಬೊವನ್ನು ಪ್ರತ್ಯೇಕ ಆಸರೆಯ ಮೇಲೆ ಕೂರಿಸಿ, ಕೊಳವೆಗೆ ಹಿಗ್ಗಲು ಅವಕಾಶ ಕೊಟ್ಟವರ ಕೆಲಸ ಉಳಿಯುತ್ತದೆ. ದಂಡದ ಬೇರಿಂಗಿಗೆ ಎಂಜಿನ್ನಿನ ಎಣ್ಣೆಯೇ ಗತಿ. ಬಿಸಿಯಾಗಿ ಓಡಿ ಬಂದು ಒಮ್ಮೆಗೇ ಎಂಜಿನ್ ಆರಿಸಿದರೆ ನಿಂತ ಎಣ್ಣೆ ಸುಟ್ಟು ಕಿಟ್ಟವಾಗುತ್ತದೆ. ಎರಡು ನಿಮಿಷ ಸುಮ್ಮನೆ ಓಡಿಸಿ ಆರಿಸುವ ಅಭ್ಯಾಸ ಬೇಕು.

ದಪ್ಪ ಎರಕದ ಎಂಜಿನ್ ತಡೆದುಕೊಳ್ಳುತ್ತದೆ ಎಂಬ ಮಾತು ಅರ್ಧ ನಿಜ. 1964ರ ಅಕ್ಟೋಬರಿನ ನಂತರದ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ದಂಡಕ್ಕೆ ಐದು ಬೇರಿಂಗುಗಳಿವೆ, ಅವು ಗಟ್ಟಿ. ಮೊದಲಿನವುಗಳಲ್ಲಿ ಮೂರೇ. ಟರ್ಬೊ ಹಾಕುವವರು ಯಾವುದು ತಮ್ಮದೆಂದು ಮೊದಲು ನೋಡಿಕೊಳ್ಳಬೇಕು. ಆದರೆ ಎಂಜಿನ್ ತಡೆದುಕೊಂಡರೂ ಕಾರಿನ ಉಳಿದ ಭಾಗ? ಗರಿಷ್ಠ ವೇಗ ಶಕ್ತಿಯ ಘನಮೂಲದಂತೆ ಏರುತ್ತದೆ. ಶಕ್ತಿ 1.35 ಪಟ್ಟಾದರೆ ವೇಗ ಸುಮಾರು 1.1 ಪಟ್ಟು, ಗಂಟೆಗೆ 165 ಕಿಲೋಮೀಟರ್ ಹೋಗುತ್ತಿದ್ದದ್ದು 182. ಚಲನಶಕ್ತಿ ವೇಗದ ವರ್ಗದಂತೆ ಏರುವುದರಿಂದ ಬ್ರೇಕು ನುಂಗಬೇಕಾದ ಉಷ್ಣ ಶೇ. 22ರಷ್ಟು ಹೆಚ್ಚು. ಮುಂದೆ ಡಿಸ್ಕ್, ಹಿಂದೆ ಡ್ರಮ್, ಕುದುರೆಗಾಡಿಯ ಕಾಲದ ಪಟ್ಟಿ ಸ್ಪ್ರಿಂಗು, ಸನ್ನೆಕೋಲಿನ ಡ್ಯಾಂಪರ್ ಇರುವ 1962ರ ವಿನ್ಯಾಸ ಅದು. ಟರ್ಬೊದ ವಿವರಗಳನ್ನು ಪುಟಗಟ್ಟಲೆ ಹೇಳುವವರು ಬ್ರೇಕಿನ ಬಗ್ಗೆ ಒಂದು ವಾಕ್ಯ ಹೇಳಿ ಮುಗಿಸುವುದು ಈ ಹವ್ಯಾಸದ ದೊಡ್ಡ ದೋಷ. ಇಲ್ಲಿ ಹೋಗುವುದು ಬರೀ ಗ್ಯಾಸ್ಕೆಟ್ ಅಲ್ಲ, ಎದುರಿಗೆ ಬರುವವರ ಪ್ರಾಣ.

ಹಾಗಾದರೆ ಮಾಡಲೇಬಾರದೇ?

ಮಾಡಬಹುದು, ಲೆಕ್ಕ ಬದಲಾಯಿಸಿ. ಅಮೆರಿಕದಂಥ ಮಾರುಕಟ್ಟೆಗಳಿಗಾಗಿ ಎಂಜಿಬಿ 8.0ರ ಅನುಪಾತದಲ್ಲೂ ತಯಾರಾಗಿತ್ತು. ಆ ಬಗೆಯ ಪಿಸ್ಟನ್ ಹಾಕಿಸಬಹುದು. ಒತ್ತಡ 0.3 ಬಾರ್ ಸಾಕು. ಮೇಲಿನ ಕ್ರಮದಲ್ಲೇ ಲೆಕ್ಕ ಹಾಕಿದರೆ ಸಂಪೀಡಕದಿಂದ ಗಾಳಿ 55 ಡಿಗ್ರಿಯಲ್ಲಿ ಹೊರಟು, ಇಂಟರ್‌ಕೂಲರ್ ದಾಟಿ 34 ಡಿಗ್ರಿಗೆ ಬರುತ್ತದೆ. ಅಲ್ಲಿ 0.03 ಬಾರ್ ಕಳೆದುಕೊಂಡರೂ ಸಾಂದ್ರತೆ 1.21 ಪಟ್ಟು, ಶಕ್ತಿ 115 ಅಶ್ವಶಕ್ತಿಯ ಸುಮಾರು. ಸಿಲಿಂಡರಿನಲ್ಲಿ ಸಂಪೀಡನದ ಕೊನೆಯ ತಾಪ 573 ಕೆಲ್ವಿನ್. ಟರ್ಬೊ ಇಲ್ಲದ ಮೂಲ ಎಂಜಿನ್ನಿಗಿಂತ 10 ಡಿಗ್ರಿಯಷ್ಟೇ ಹೆಚ್ಚು. ಇಂಟರ್‌ಕೂಲರ್ ಇಲ್ಲದ 0.5 ಬಾರಿನ ಏರ್ಪಾಡಿನಲ್ಲಿ ಅದು 105 ಡಿಗ್ರಿ ಹೆಚ್ಚಿತ್ತು, ಬಂದ ಲಾಭ 120 ಅಶ್ವಶಕ್ತಿ. 5 ಅಶ್ವಶಕ್ತಿಯ ಆಸೆಗೆ 95 ಡಿಗ್ರಿ ಬಿಸಿಯನ್ನು ಕೊಳ್ಳುವುದು ಯಾವ ವ್ಯಾಪಾರ?

ಇದೂ ಹೆಚ್ಚೆನಿಸಿದವರಿಗೆ ಕಾರ್ಖಾನೆಯ ಉತ್ತರವೇ ಇದೆ. 1973ರಲ್ಲಿ ತಯಾರಕರು ಎಂಜಿಬಿ ಜಿಟಿ ಕಾರಿಗೆ ಟರ್ಬೊ ಹಾಕಲಿಲ್ಲ. 3528 ಘನ ಸೆಂಟಿಮೀಟರಿನ ರೋವರ್ ವಿ8 ಎಂಜಿನ್ ಇಟ್ಟು, 8.25ರ ಅನುಪಾತದಲ್ಲಿ 137 ಅಶ್ವಶಕ್ತಿ ಪಡೆದರು. ಅಲ್ಯೂಮಿನಿಯಮ್ಮಿನ ಆ ಎಂಜಿನ್ ರೋವರಿಗೆ ಬಂದದ್ದು ಅಮೆರಿಕದ ಬ್ಯೂಕ್ ಕಂಪನಿಯಿಂದ. ಅದೇ ಕುಟುಂಬದ ಇನ್ನೊಂದು ಎಂಜಿನ್ನಿಗೇ 1962ರಲ್ಲಿ ಓಲ್ಡ್ಸ್‌ಮೊಬೀಲ್ ಟರ್ಬೊ ಹಾಕಿ, ನೀರು ಮತ್ತು ಮೆಥನಾಲ್ ಚಿಮುಕಿಸಿ ಸೋತದ್ದು. ಎಂಜಿಬಿಗೆ ಅದು ಟರ್ಬೊ ಇಲ್ಲದೆಯೇ ಒಗ್ಗಿತು.

ನಮ್ಮಲ್ಲಿ ಅಂಬಾಸಿಡರಿನ ಮೇಲೆ ಇದನ್ನು ಮಾಡಿ ನೋಡುವ ಹುಮ್ಮಸ್ಸು ಯಾರಿಗಾದರೂ ಬಂದರೆ, ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ನಿರ್ಬಂಧಿಸುತ್ತದೆ ಎಂಬುದನ್ನು ತಿಳಿದಿರಬೇಕು. ಕಾಲೇಜಿನ ಪ್ರಯೋಗಶಾಲೆಯ ಚೌಕಟ್ಟಿನ ಮೇಲೆ ಕೂರಿಸಿದ ಎಂಜಿನ್ನಿಗೆ ಆ ಅಡ್ಡಿ ಇಲ್ಲ. ಸಂಪೀಡಕದ ಮುಂದೊಂದು ಹಿಂದೊಂದು, ಇಂಟರ್‌ಕೂಲರಿನ ಆಚೆಗೊಂದು ತಾಪಯುಗ್ಮ, ಎರಡು ಒತ್ತಡ ಮಾಪಕ ಇಷ್ಟಿದ್ದರೆ ಮೇಲಿನ ಅಂಕಿಗಳನ್ನೆಲ್ಲ ವಿದ್ಯಾರ್ಥಿಗಳೇ ಅಳೆದು ಸಂಪೀಡಕದ ದಕ್ಷತೆಯನ್ನು ಕಂಡುಕೊಳ್ಳಬಹುದು. ಎಂಜಿಬಿಯ ಒಡೆಯರಿಗಾದರೆ ಇನ್ನೂ ಒಂದು ಕೆಲಸವಿದೆ. ಹೆಡ್ಡಿಗೆ ಹೊಸ ತೂತು ಕೊರೆಯದೆ, ಚಾಸಿಯ ತಗಡನ್ನು ಕತ್ತರಿಸದೆ ಎಲ್ಲವನ್ನೂ ಬೋಲ್ಟಿನಿಂದಲೇ ಜೋಡಿಸಿ, ಬಿಚ್ಚಿದ ಎರಡು ಎಸ್‌ಯು ಕಾರ್ಬ್ಯುರೇಟರುಗಳನ್ನೂ ಮೂಲ ಮ್ಯಾನಿಫೋಲ್ಡನ್ನೂ ಎಣ್ಣೆ ಸವರಿ ಪೆಟ್ಟಿಗೆಯಲ್ಲಿ ಇಟ್ಟಿರಬೇಕು. ಅಬಿಂಗ್‌ಡನ್ನಿನ ಕಾರ್ಖಾನೆ 1980ರಲ್ಲೇ ಮುಚ್ಚಿದೆ.